ಮಗ ನೇರವಾಗಿ ಕೇಳಿಬಿಡುತ್ತಾನೆ, ಈ ಸ್ನೇಹ ಬಿಡಿಸಬೇಕಾ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, ಆಟಿಸಂ ಇದೆ. ವಿಜಯನಗರದ ಶಾಲೆಯಲ್ಲಿ ಓದುತ್ತಿದ್ದಾನೆ. ಅವನ ಮಾತೆಲ್ಲ ಮೆಟ್ರೋ ಬಗ್ಗೆಯೇ. ಕೆಲವು ತಿಂಗಳ ಹಿಂದೆ ಅವನ ಕ್ಲಾಸಿನ ಹುಡುಗನೊಬ್ಬನ ತಂದೆ ತೀರಿಕೊಂಡರು. ಆಗಿನಿಂದ ಇಬ್ಬರೂ ಊಟಕ್ಕೆ ಒಟ್ಟಿಗೇ ಕೂರುತ್ತಾರೆ. ಮೊನ್ನೆ ನನ್ನ ಮಗ, "ನಿಮ್ಮಪ್ಪ ಸಾಯುವಾಗ ನೀನು ಪಕ್ಕದಲ್ಲಿದ್ಯಾ?" ಅಂತ ಕೇಳಿಬಿಟ್ಟನಂತೆ. ಆ ಹುಡುಗ ಅತ್ತನಂತೆ. ಮಾರನೇ ದಿನವೂ ಇವನ ಪಕ್ಕದಲ್ಲೇ ಕೂತನಂತೆ. ನನಗೆ ಭಯ. ಇಬ್ಬರನ್ನೂ ದೂರ ಇಡಬೇಕಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ದಯವಿಟ್ಟು ದೂರ ಮಾಡಬೇಡಿ. ಅತ್ತ ಹುಡುಗ ಮಾರನೇ ದಿನ ಮತ್ತೆ ಬಂದು ಕೂತ, ಅಲ್ವಾ? ಅದನ್ನು ಗಮನಿಸಿ.

ಸಾವಿನ ಮನೆಗೆ ಹದಿಮೂರು ದಿನ ಜನ ಬರುತ್ತಾರೆ. ಆಮೇಲೆ ಯಾರೂ ಆ ವಿಷಯ ಎತ್ತುವುದಿಲ್ಲ. ಕ್ಲಾಸಿನಲ್ಲಂತೂ ಅಪ್ಪ ಅನ್ನುವ ಮಾತು ಬಂದರೆ ಸಾಕು, ಎಲ್ಲರೂ ಸುಮ್ಮನಾಗುತ್ತಾರೆ. ನೋವಾಗದಿರಲಿ ಅಂತಲೇ ಹಾಗೆ ಮಾಡುತ್ತಾರೆ. ಆದರೆ ಅಪ್ಪನ ಬಗ್ಗೆ ಹೇಳಿಕೊಳ್ಳಲು ಆ ಹುಡುಗನಿಗೆ ಯಾರೂ ಉಳಿಯುವುದಿಲ್ಲ. ನಿಮ್ಮ ಮಗ ಕೇಳಿದ, ಉತ್ತರಕ್ಕೆ ಕಾದ.

ಆಟಿಸಂ ಇರುವವರಿಗೆ ಬೇರೆಯವರ ನೋವು ತಿಳಿಯದು ಅನ್ನುವ ಮಾತು ನನಗೆ ಬಹಳ ಬೇಸರ ತರುತ್ತದೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದಿದ್ದಾರೆ: ಅರ್ಥವಾಗದಿರುವುದು ಎರಡೂ ಕಡೆಯಿಂದ. ನಾವೂ ಅವರನ್ನು ತಿಳಿಯಲು ಸೋಲುತ್ತೇವೆ.

ಮೆಟ್ರೋ ಮಾತನ್ನೂ ತಡೆಯಬೇಡಿ. ಈ ವಯಸ್ಸಿನವರ ದುಃಖ ಬಿಟ್ಟುಬಿಟ್ಟು ಬರುತ್ತದೆ. ಈಗ ಅಳು, ಸ್ವಲ್ಪ ಹೊತ್ತಿಗೆ ನಗು. ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಹೋದ ಕಥೆ ಕೇಳುವಾಗ ಆ ಹುಡುಗನಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಮಗನಿಗೆ "ನೋಡಿಕೊಂಡು ಮಾತಾಡು" ಅಂದರೆ ಏನೂ ತಿಳಿಯದು. ಏನು ಹೇಳಬೇಕೋ ಅದನ್ನೇ ಹೇಳಿಕೊಡಿ: "ಅಪ್ಪನ ಬಗ್ಗೆ ಮಾತಾಡೋಣವಾ, ಮೆಟ್ರೋ ಬಗ್ಗೆ ಮಾತಾಡೋಣವಾ?" ಬೇಡ ಅಂದರೆ ಅಲ್ಲಿಗೇ ಬಿಡಬೇಕು. ಅತ್ತರೆ ಪಕ್ಕದಲ್ಲಿ ಕೂತರೆ ಸಾಕು. ಆ ಹುಡುಗನ ಅಮ್ಮನಿಗೂ ಒಂದು ಫೋನ್ ಮಾಡಿ, ಎಲ್ಲ ತಿಳಿಸಿ.

ನಿಮ್ಮ ಮಗ ಮನೆಯಲ್ಲಿ "ನಮ್ಮಪ್ಪನೂ ಸಾಯ್ತಾರಾ?" ಅಂತ ಪದೇ ಪದೇ ಕೇಳಬಹುದು. ಸುಳ್ಳು ಹೇಳಬೇಡಿ. "ಎಲ್ಲರೂ ಒಂದು ದಿನ ಸಾಯ್ತಾರೆ. ಅಪ್ಪ ಈಗ ಚೆನ್ನಾಗಿದ್ದಾರೆ" ಅನ್ನಿ.

ಇನ್ನೊಂದು ಮಾತು ಮಗನಿಗೆ ಈಗಲೇ ಹೇಳಿಡಿ. ಗೆಳೆಯ "ಬದುಕೋದೇ ಬೇಡ" ಅಂದರೆ ಅದು ಗುಟ್ಟಲ್ಲ. ತಕ್ಷಣ ನಿಮಗೋ ಟೀಚರಿಗೋ ಹೇಳಬೇಕು, ಅದು ಚಾಡಿ ಆಗುವುದಿಲ್ಲ. ಆಗ ಆ ಹುಡುಗನನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.