ಲಿಬರ್ಟೇರಿಯನ್ನರ ಮಾತು ಕೇಳಿದರೆ ಎಂಡೋಸಲ್ಫಾನ್‌ನಂಥ ವಿಷವನ್ನು ಯಾರು ತಡೆಯಬೇಕು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಸರ್ಕಾರ ಆದಷ್ಟು ಕಡಿಮೆ ಕೈ ಹಾಕಬೇಕು ಅಂತ ಲಿಬರ್ಟೇರಿಯನ್ನರು ಹೇಳುತ್ತಾರೆ, ಹಾಗಾದರೆ ಕೀಟನಾಶಕ ಸುರಿದು ಊರಿನ ಮಕ್ಕಳು ರೋಗ, ಅಂಗವೈಕಲ್ಯಕ್ಕೆ ತುತ್ತಾದ ಕಾಸರಗೋಡಿನ ಎಂಡೋಸಲ್ಫಾನ್ ದುರಂತದಂಥದ್ದನ್ನು ತಡೆಯುವವರು ಯಾರು ಅನ್ನುವುದು ಒಂದು. ಶಾಲೆಗಳನ್ನೂ ಮಾರುಕಟ್ಟೆಗೆ ಬಿಟ್ಟುಬಿಡೋದಾ ಅನ್ನುವುದು ಇನ್ನೊಂದು. ನಾನು ಆ ದುರಂತ ಕಂಡ ಎಣ್ಮಕಜೆ ಪಂಚಾಯತಿನ ಪಕ್ಕದವನು, ಅಡಿಕೆ ಕೃಷಿಕ. ಈ ವಿಚಾರದವರು ಬರೆದದ್ದನ್ನು ಆಸಕ್ತಿಯಿಂದ ಓದಿದ್ದೇನೆ. ಎಲ್ಲವನ್ನೂ ಒಪ್ಪುವುದಿಲ್ಲ. ಆದರೆ ಸರ್ಕಾರ ಬೇಕೇ ಬೇಕು ಅನ್ನುವುದಕ್ಕೆ ನೀವು ಎಂಡೋಸಲ್ಫಾನನ್ನೇ ಸಾಕ್ಷಿಯಾಗಿ ತಂದಿದ್ದೀರಿ. ನಮ್ಮ ಊರಿನ ಕಡೆಯಿಂದ ನೋಡಿದರೆ ಆ ಸಾಕ್ಷಿ ಬೇರೆಯೇ ಕಥೆ ಹೇಳುತ್ತದೆ.

ಆ ಮದ್ದು ಬಿಟ್ಟದ್ದು ಯಾರು? ಖಾಸಗಿ ಎಸ್ಟೇಟಿನ ಧಣಿಗಳಲ್ಲ. ಕೇರಳ ಸರ್ಕಾರದ್ದೇ ಒಡೆತನದ ನಿಗಮ. ಜಿಲ್ಲೆಯ ಗುಡ್ಡೆಗಳ ಮೇಲೆ ಸುಮಾರು 4,700 ಹೆಕ್ಟೇರ್ ಗೇರು ತೋಟ ಅದರದ್ದು. ಟೀ ಮಾಸ್ಕಿಟೋ ಅನ್ನುವ ಕೀಟ ಗೇರಿನ ಚಿಗುರು, ಹೂವನ್ನು ಕರಟಿಸಿಬಿಡುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಈ ಮದ್ದನ್ನು ತಯಾರಿಸುತ್ತಿದ್ದವರಲ್ಲಿ ಖಾಸಗಿ ಕಂಪನಿಗಳೂ ಇದ್ದವು, ಕೇಂದ್ರ ಸರ್ಕಾರದ ಕಂಪನಿಯೂ ಇತ್ತು. ಬಳಕೆಗೆ ಅನುಮತಿ ಕೊಟ್ಟು ನಿಯಮ ಬರೆಯುವುದು ಸರ್ಕಾರದ ಮಂಡಳಿ. ಜನ ಗಲಾಟೆ ಎಬ್ಬಿಸಿದ ಮೇಲೆ ಬಂದು, ರೋಗಕ್ಕೂ ಮದ್ದಿಗೂ ಸಂಬಂಧ ಇಲ್ಲ ಅಂತ ವರದಿ ಕೊಟ್ಟ ಸಮಿತಿಗಳೂ ಸರ್ಕಾರ ನೇಮಿಸಿದವೇ. ಸುರಿಯುವವನೂ ಅವನೇ, ಕಾಯುವವನೂ ಅವನೇ, ವಿಚಾರಣೆ ಮಾಡುವವನೂ ಅವನೇ ಆದರೆ ಎಣ್ಮಕಜೆಯ ಪಡ್ರೆ ಗ್ರಾಮದ ಕೂಲಿಯವಳು ದೂರು ಕೊಡುವುದು ಯಾರಿಗೆ?

ಲಿಬರ್ಟೇರಿಯನ್ನರು ಅಂದರೆ ನಿಯಮವೇ ಬೇಡ ಅನ್ನುವವರು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ಅವರ ಮೊದಲ ನಿಯಮವೇ ಗಟ್ಟಿ: ಇನ್ನೊಬ್ಬರ ಮೈಗೆ, ಇನ್ನೊಬ್ಬರ ಆಸ್ತಿಗೆ ಕೈ ಹಾಕಬಾರದು. ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ ಅವರಲ್ಲೇ ತೀರಾ ಕಟ್ಟಾ ಮನುಷ್ಯ, ಸರ್ಕಾರವೇ ಬೇಡ ಅನ್ನುವ ಮಟ್ಟಿಗೆ. ಗಾಳಿಯ ಮಾಲಿನ್ಯದ ಬಗ್ಗೆ 1982ರಲ್ಲಿ ಒಂದು ಉದ್ದ ಲೇಖನ ಬರೆದರು. ನಿಮ್ಮ ವಿಷ ಗಾಳಿಯಲ್ಲಿ ಬಂದು ನನ್ನ ಮೈಗೆ, ನನ್ನ ಜಾಗಕ್ಕೆ ಹಾನಿ ಮಾಡಿದರೆ ಅದು ಅತಿಕ್ರಮಣವೇ, ಕೋರ್ಟು ಅದನ್ನು ನಿಲ್ಲಿಸಬೇಕು ಅನ್ನುವುದು ಅವರ ವಾದ. ರಾಷ್ಟ್ರದ ಉತ್ಪನ್ನ ಜಾಸ್ತಿಯಾಗುತ್ತದೆ, ವಿದೇಶಿ ಹಣ ಬರುತ್ತದೆ ಅನ್ನುವ ಸಮಜಾಯಿಷಿ ಆ ಲೆಕ್ಕದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ನಡೆದದ್ದು ಅದೇ ಸಮಜಾಯಿಷಿ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ನೀರಿನ ವಿಷಯ. ಸಿಂಪಡಣೆಗೆ ಮೊದಲು ಜನ ತಮ್ಮ ಬಾವಿ ಮುಚ್ಚಿಕೊಳ್ಳಬೇಕು ಅಂತ ತಿಳಿಸುವ ಕ್ರಮ ಇತ್ತು. ಕಚೇರಿಯಲ್ಲಿ ಕೂತು ನೋಡಿದರೆ ಸರಿಯಾದ ನಿಯಮವೇ. ಆದರೆ ಪಡ್ರೆ, ಸ್ವರ್ಗ, ವಾಣಿನಗರದ ಕಡೆ ಬಹಳಷ್ಟು ಮನೆಗಳಿಗೆ ನೀರು ಬರುವುದು ಬಾವಿಯಿಂದಲ್ಲ, ಸುರಂಗದಿಂದ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕೊರೆದಿರುತ್ತಾರೆ. ಒಳಗೆ ಜಿನುಗಿದ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಅದನ್ನು ಸೀಳಿದ ಅಡಿಕೆ ಮರದ ದಂಬೆಗೆ ಹಾಯಿಸಿ, ಮಣ್ಣಿನ ಟ್ಯಾಂಕಿಗೋ ಅಂಗಳದ ತೊಟ್ಟಿಗೋ ಬಿಡುವುದು. ಈಗ ದಂಬೆ ಹೋಗಿ ಪೈಪು ಬಂದಿದೆ, ನೀರು ಅದೇ. ಮೇಲೆ ಗುಡ್ಡೆಯ ನೆತ್ತಿಯಲ್ಲಿ ಗೇರು ತೋಟ, ಕೆಳಗೆ ಕಣಿವೆಯಲ್ಲಿ ಮನೆ, ತೋಟ, ತೋಡು. ಮೇಲೆ ಬಿದ್ದದ್ದು ಮಳೆಗೆ ಕೆಳಗೆ ಬರಲೇಬೇಕು. ಗುಡ್ಡೆಯನ್ನು ಮುಚ್ಚುವುದು ಹೇಗೆ? ತೋಡನ್ನು ಮುಚ್ಚುವುದು ಹೇಗೆ? ಇನ್ನು ಹೆಲಿಕಾಪ್ಟರು ಮರದ ನೆತ್ತಿಗೆ ತೀರಾ ಹತ್ತಿರದಲ್ಲೇ ಹಾರಬೇಕಿತ್ತು. ಬಯಲಿನಲ್ಲಿ ಅದು ಆದೀತು. ಏರು ತಗ್ಗಿನ ನಮ್ಮ ನೆಲದಲ್ಲಿ ಹಾಗೆ ಹಾರಿದರೆ ಗುಡ್ಡೆಗೇ ಬಡಿಯುತ್ತದೆ. ಎತ್ತರದಿಂದ ಬಿಟ್ಟರು, ಗಾಳಿಗೆ ಮದ್ದು ತೋಟದ ಗಡಿ ದಾಟಿತು.

ಲಿಬರ್ಟೇರಿಯನ್ನರು ಮೆಚ್ಚುವ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ 1945ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧದ ತಿರುಳು ಇದೇ ಅಂತ ನನಗೆ ಅನಿಸುತ್ತದೆ. ಒಂದೊಂದು ಜಾಗದ, ಒಂದೊಂದು ಹೊತ್ತಿನ ತಿಳಿವಳಿಕೆ ಅಲ್ಲಲ್ಲಿನ ಜನರಲ್ಲಿ ಚದುರಿಹೋಗಿರುತ್ತದೆ. ಅದನ್ನೆಲ್ಲ ಒಂದು ಮೇಜಿನ ಮೇಲೆ ತಂದು ರಾಶಿ ಹಾಕಲು ಯಾವ ಯೋಜನಾ ಮಂಡಳಿಗೂ ಆಗುವುದಿಲ್ಲ. ಅವರು ಬರೆದದ್ದು ಬೆಲೆ, ಮಾರುಕಟ್ಟೆಯ ಬಗ್ಗೆ. ನನಗೆ ಓದುವಾಗ ಕಣ್ಣ ಮುಂದೆ ಬಂದದ್ದು ದಂಬೆಯ ನೀರು. ನಿಯಮ ಬರೆದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಸುರಂಗ ಅಂದರೆ ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಗೊತ್ತಿದ್ದವರು ಮಾತಾಡಲಿಲ್ಲವಾ? ಮಾತಾಡಿದರು. ವಾಣಿನಗರದಲ್ಲಿ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್ ಒಂದು ಸಣ್ಣ ಜಾಗದಲ್ಲಿ ಇಷ್ಟೊಂದು ಮಕ್ಕಳಿಗೆ ಯಾಕೆ ರೋಗ, ಅಂಗವೈಕಲ್ಯ ಬರುತ್ತಿದೆ ಅಂತ ಲೆಕ್ಕ ಇಡತೊಡಗಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದು ಹೊರಗಿನವರಿಗೆ ತಿಳಿಸಿದರು. ಪೆರಿಯದ ಕಡೆ ಲೀಲಾಕುಮಾರಿ ಅಮ್ಮ, ಸ್ವತಃ ಕೃಷಿ ಇಲಾಖೆಯ ನೌಕರೆ, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ತಂದರು. ತನ್ನ ಮನೆಯ ಮೇಲೆ ವಿಷ ಬೀಳುತ್ತಿದೆ ಅಂತ ಒಬ್ಬ ಹೆಂಗಸು ನ್ಯಾಯಾಧೀಶರ ಮುಂದೆ ನಿಂತದ್ದು ಲಿಬರ್ಟೇರಿಯನ್ನರು ಹೇಳುವ ದಾರಿಯೇ. ಮಂಡಳಿಯಿಂದ ಆಗದ್ದು ಮುನ್ಸಿಫ್ ಕೋರ್ಟಿನಿಂದ ಶುರುವಾಯಿತು. 2001ರಲ್ಲಿ ಕೇರಳದಲ್ಲಿ ನಿಷೇಧ ಬಂತು. ಇಡೀ ದೇಶಕ್ಕೆ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ಆ ವರ್ಷದ ತನಕ ಜಿನೀವಾದ ಅಂತರರಾಷ್ಟ್ರೀಯ ಮಾತುಕತೆಯಲ್ಲಿ ನಿಷೇಧಕ್ಕೆ ಅಡ್ಡ ನಿಂತದ್ದು ನಮ್ಮ ಕೇಂದ್ರ ಸರ್ಕಾರ.

ಪರಿಹಾರದ ಕಥೆ ಇನ್ನೂ ನೋವಿನದ್ದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರ ಮೇಯಲ್ಲಿ ಅದೇ ಕೋರ್ಟು ರಾಜ್ಯವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. 3,704 ಜನರಲ್ಲಿ ಅಲ್ಲಿಯ ತನಕ ಹಣ ಸಿಕ್ಕಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ 8 ಜನಕ್ಕೆ ಮಾತ್ರ. ಐದು ವರ್ಷ ಹಾಸಿಗೆಯಲ್ಲಿರುವ ಮಗುವನ್ನು ಎತ್ತಿ ಇಳಿಸಿ ಮಾಡುವ ತಾಯಿಗೆ ಆ ಐದು ವರ್ಷ ಅಂದರೆ ಏನು ಅಂತ ಯೋಚನೆ ಮಾಡಿ. ಖಾಸಗಿ ಕಂಪನಿ ಹೀಗೆ ಮಾಡಿದ್ದರೆ ಅದರ ಆಸ್ತಿ ಜಪ್ತಿ ಮಾಡಿ ಅಂತ ಎಲ್ಲರೂ ಕೂಗುತ್ತಿದ್ದೆವು. ಸರ್ಕಾರದ ಆಸ್ತಿ ಜಪ್ತಿ ಮಾಡಲು ಯಾರು ಬರುತ್ತಾರೆ?

ಹಾಗಂತ ಲಿಬರ್ಟೇರಿಯನ್ನರ ಉತ್ತರ ಸಾಕಾ? ಸಾಲದು. ಕೋರ್ಟಿಗೆ ಹೋಗಬೇಕಾದರೆ ಹಾನಿ ಆಗಿರಬೇಕು, ಅದು ಇದರಿಂದಲೇ ಆದದ್ದು ಅಂತ ತೋರಿಸಬೇಕು. ಬೀಡಿ ಕಟ್ಟುವ ಹೆಂಗಸು ತನ್ನ ಮಗುವಿನ ರೋಗಕ್ಕೂ ಗುಡ್ಡೆಯ ಮೇಲಿನ ಮದ್ದಿಗೂ ಸಂಬಂಧ ಇದೆ ಅಂತ ಹೇಗೆ ತೋರಿಸಬೇಕು? ಆ ಸಂಬಂಧದ ಬಗ್ಗೆ ಮೊದಲು ಗಟ್ಟಿಯಾಗಿ ಹೇಳಿದ ಅಧ್ಯಯನ ಬಂದದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಿಂದ. ಅದು ಸರ್ಕಾರಿ ಸಂಸ್ಥೆ. ಅಧ್ಯಯನಕ್ಕೆ ಕಾರಣವಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಕಾನೂನಿನಿಂದ ಹುಟ್ಟಿದ್ದು. ಅಂಥ ಕೆಲಸಕ್ಕೆ ದುಡ್ಡು ಹಾಕಲು ಯಾವ ವ್ಯಾಪಾರಿ ಬರುತ್ತಿದ್ದ? ಮತ್ತೆ, ಕೆಲವು ವಿಷಗಳನ್ನು ಹಾನಿ ಆದ ಮೇಲೆ ಅಲ್ಲ, ಆಗುವ ಮೊದಲೇ ತಡೆಯಬೇಕು. ಆದ ಮೇಲೆ ಸಿಗುವ ಹಣದಿಂದ ಮಗುವಿನ ಕಾಲು ನೆಟ್ಟಗಾಗುವುದಿಲ್ಲ. ಇದನ್ನು ಹಯೆಕ್ ಕೂಡ ಒಪ್ಪಿದ್ದರು. ಕಾಡು ಕಡಿಯುವುದು, ಕಾರ್ಖಾನೆಯ ಹೊಗೆ ಇಂಥವುಗಳ ಕೆಡುಕು ಆಸ್ತಿಯ ಒಡೆಯನಿಗಷ್ಟೇ ಸೀಮಿತವಾಗುವುದಿಲ್ಲ, ಅಲ್ಲಿ ಬೆಲೆಯ ವ್ಯವಸ್ಥೆ ಬಿಟ್ಟು ಬೇರೆ ನಿಯಂತ್ರಣ ಬೇಕಾಗುತ್ತದೆ ಅಂತ 1944ರಲ್ಲೇ ಬರೆದಿದ್ದರು. ಅವರ ಹೆಸರು ಹೇಳಿಕೊಂಡು ವಾದ ಮಾಡುವವರು ಸುಮಾರು ಜನ ಆ ಪುಟ ಹಾರಿಸಿಬಿಡುತ್ತಾರೆ.

ಹಾಗಾಗಿ ಸರ್ಕಾರ ಜಾಸ್ತಿ ಬೇಕಾ, ಕಡಿಮೆ ಬೇಕಾ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ನಿಯಮ ಮಾಡುವವನು ಆ ವ್ಯಾಪಾರದಲ್ಲಿ ಇರಲೇಬಾರದು. ಗೇರು ಬೆಳೆಯುವುದು ಸರ್ಕಾರದ ಕೆಲಸ ಅಲ್ಲ. ಗೇರು ಬೆಳೆಯುವವನು ಪಕ್ಕದವರ ನೀರಿಗೆ ವಿಷ ಹಾಕದ ಹಾಗೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಒಂದೇ ಕೈ ಎರಡನ್ನೂ ಮಾಡಲು ಹೊರಟರೆ ಎರಡನೆಯದು ಸಾಯುತ್ತದೆ.

ಈ ಮಾತನ್ನು ನಮ್ಮ ದೇಶದಲ್ಲಿ ಬಹಳ ಮೊದಲೇ ಹೇಳಿದವರು ನಮ್ಮ ಕಡೆಯವರೇ ಅನ್ನುವುದು ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರ್ಥಶಾಸ್ತ್ರಜ್ಞ ಬೆಳ್ಳಿಕೋತ್ ರಘುನಾಥ ಶೆಣೈ. ಬೆಳ್ಳಿಕೋತ್ ಇರುವುದು ಕಾಞಂಗಾಡಿನ ಪಕ್ಕ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ದೇಶದ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರ ತಂಡ ಸೈ ಅಂದಾಗ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ನೋಟು ಅಚ್ಚು ಹಾಕಿ ಯೋಜನೆ ನಡೆಸಿದರೆ ಬೆಲೆ ಏರುತ್ತದೆ, ಸರ್ಕಾರ ಉದ್ದಿಮೆಗಳನ್ನು ತನ್ನ ಕೈಗೆ ತೆಗೆದುಕೊಳ್ಳುವುದು, ಬೆಲೆ ನಿಯಂತ್ರಣ ಮಾಡುವುದು ಬೇಡ ಅಂದರು. ಆ ಕಾಲಕ್ಕೆ ಅಷ್ಟು ಹೇಳಲು ಎದೆಗಾರಿಕೆ ಬೇಕಿತ್ತು. ಕಾಸರಗೋಡಿನಲ್ಲಿ ಅವರನ್ನು ನೆನಪು ಮಾಡಿಕೊಳ್ಳುವವರು ಇನ್ನಷ್ಟು ಇರಬೇಕಿತ್ತು ಅಂತ ನನ್ನ ಆಸೆ.

ಅಡಿಕೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಪ್ರಾಮಾಣಿಕ ಅಲ್ಲ ಅಂತಾಗುತ್ತದೆ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಲಿಬರ್ಟೇರಿಯನ್ನರ ಪ್ರಕಾರ ಇದು ತಪ್ಪು, ಗಿರಾಕಿಯ ಜೇಬಿನಿಂದ ತೆಗೆದು ಬೆಳೆಗಾರನಿಗೆ ಕೊಟ್ಟ ಹಾಗೆ. ವಾದ ಸರಿ ಇದೆ. ಆದರೂ ಆ ಬೆಲೆ ಉಳಿಯಬೇಕು ಅಂತಲೇ ನಾನು ಬಯಸುತ್ತೇನೆ, ಯಾಕೆಂದರೆ ನೆಟ್ಟ ಅಡಿಕೆ ಮರವನ್ನು ಬೆಲೆ ಬಿದ್ದ ವರ್ಷ ಕಿತ್ತು ಬೇರೆ ಹಾಕಲು ಬರುವುದಿಲ್ಲ. ಆದರೆ ನಮ್ಮನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಆಮದು ನಿಯಮಕ್ಕಿಂತ ಜಾಸ್ತಿ ಕ್ಯಾಂಪ್ಕೊ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. 1970ರ ಹೊತ್ತಿಗೆ ಬೆಲೆ ನೆಲ ಕಚ್ಚಿದ ಮೇಲೆ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರು ಸೇರಿ ಕಟ್ಟಿದ್ದು. ಸೇರಿದವರು ತಾವಾಗಿ ಸೇರಿದರು. ರಾಜ್ಯದ ಗಡಿ ಅಡ್ಡ ಬರಲಿಲ್ಲ. ಇಂಥದ್ದಕ್ಕೆ ಯಾವ ಲಿಬರ್ಟೇರಿಯನ್ನನೂ ಬೇಡ ಅನ್ನುವುದಿಲ್ಲ.

ಇನ್ನು ಶಾಲೆ. ಸರ್ಕಾರ ಹಣ ಕೊಡಲಿ, ಶಾಲೆ ನಡೆಸುವುದು ಬೇಡ, ತಂದೆತಾಯಿ ಆರಿಸಿಕೊಳ್ಳಲಿ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1955ರಲ್ಲಿ ಬರೆದರು. ಹಳ್ಳಿಯಲ್ಲಿ ಕನ್ನಡದ ಮಕ್ಕಳು ಹತ್ತೋ ಹನ್ನೆರಡೋ ಇದ್ದರೆ ಆರಿಸಿಕೊಳ್ಳಲು ಎರಡನೇ ಶಾಲೆ ಎಲ್ಲಿಂದ ಬರಬೇಕು? ಸರ್ಕಾರ ಕೊಟ್ಟ ಶುಲ್ಕದ ಚೀಟಿ (ವೌಚರ್) ಕೈಯಲ್ಲಿದ್ದು ಪ್ರಯೋಜನ ಇಲ್ಲ. ಆದರೆ ಕೇರಳದ ಅನುದಾನಿತ ಶಾಲೆಗಳು ಆ ಯೋಚನೆಗೆ ಹತ್ತಿರದ್ದೇ. ಊರಿನ ಒಂದು ಮನೆತನವೋ ಸಂಸ್ಥೆಯೋ ಕಟ್ಟಿ ನಡೆಸುತ್ತದೆ, ಮಾಸ್ತರರಿಗೆ ಸಂಬಳ ಸರ್ಕಾರ ಕೊಡುತ್ತದೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೂ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮ ಉಸಿರಾಡುತ್ತಿರುವುದರಲ್ಲಿ ಈ ಶಾಲೆಗಳ ಪಾಲು ದೊಡ್ಡದು. ಸರ್ಕಾರಿ ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದಾಗ ಮಕ್ಕಳೂ ತಂದೆತಾಯಿಗಳೂ ಬೀದಿಗೆ ಇಳಿಯಬೇಕಾಯಿತು. ಅನುದಾನಿತ ಶಾಲೆಯ ಮ್ಯಾನೇಜರ್ ಊರಿನವನೇ, ಜಾತ್ರೆಯಲ್ಲಿ ಎದುರು ಸಿಗುವವನು. ಅವನು ಅಂಥ ಟೀಚರನ್ನು ತಂದರೆ ಮರುದಿನ ಮನೆ ಬಾಗಿಲಲ್ಲೇ ಕೇಳಬಹುದು. ಅಲ್ಲೂ ನೇಮಕಕ್ಕೆ ಹಣ ತಿನ್ನುವ ರೋಗ ಇದೆ, ಅದಕ್ಕೆ ಬಿಗಿ ನಿಯಮ ಬೇಕು. ಆದರೆ ಪೂರ್ತಿ ಮಾರುಕಟ್ಟೆ, ಪೂರ್ತಿ ಸರ್ಕಾರ ಎರಡರಲ್ಲಿ ಒಂದನ್ನೇ ಆರಿಸಿ ಅಂತ ನೀವು ಕೇಳಿದರೆ, ನಾನು ಎರಡನ್ನೂ ಬಿಟ್ಟು ಈ ಶಾಲೆಯ ಕಡೆ ಕೈ ತೋರಿಸುತ್ತೇನೆ.