ವಿಪಿಎನ್ ಕನೆಕ್ಟ್ ಆಗುತ್ತದೆ, ಆದರೆ ಆಫೀಸ್ ಸರ್ವರ್ ತೆರೆಯುವುದಿಲ್ಲ. ಲಾಗ್‌ನಲ್ಲಿ 5010 ಎರರ್. ಏನು ಮಾಡಲಿ?

ನೀವು ಗಂಗಾವತಿಯ ಮನೆಯಿಂದ ಬಳ್ಳಾರಿ ಆಫೀಸಿಗೆ ಓಪನ್‌ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕಿಗೆ ಖಾಸಗಿ ದಾರಿ ತೆರೆಯುವ ಸಾಫ್ಟ್‌ವೇರ್) ಹಾಕುತ್ತೀರಿ. ಐಕಾನ್ ಹಸಿರಾಗುತ್ತದೆ, ಆದರೆ 192.168.1.50ರಲ್ಲಿರುವ ಬಿಲ್ಲಿಂಗ್ ಸರ್ವರ್ ಸಿಗುವುದಿಲ್ಲ. ಲಾಗ್‌ನಲ್ಲಿ ‘ರೂಟ್ ಅಡಿಷನ್ ಫೇಲ್ಡ್, ಸ್ಟೇಟಸ್ 5010’ ಅಂತ ಬರುತ್ತಿದೆ. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಕಥೆ ಅಂದಿದ್ದೀರಿ.

ಇನ್ನೊಂದು ಸಲ ಇನ್‌ಸ್ಟಾಲ್ ಮಾಡಬೇಡಿ. ಸುಮ್ನೆ ಸಮಯ ಹಾಳು. ಹಸಿರು ಬಂತು ಅಂದರೆ ಟನಲ್ (ಆಫೀಸಿಗೆ ಹೋಗುವ ಆ ದಾರಿ) ತೆರೆದಿದೆ, ಅಷ್ಟೇ. ಯಾವ ಪ್ಯಾಕೆಟ್ (ಡೇಟಾ ತುಣುಕು) ಅದರೊಳಗೆ ಹೋಗಬೇಕು ಅನ್ನುವುದನ್ನು ವಿಂಡೋಸ್‌ನ ರೂಟ್ ಟೇಬಲ್, ಅಂದರೆ ಯಾವ ಐಪಿಗೆ ಯಾವ ದಾರಿ ಅನ್ನುವ ಪಟ್ಟಿ, ತೀರ್ಮಾನಿಸುತ್ತದೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳ, ಅಂಗಡಿಗಳ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಈ ದೂರು ಬಂದಾಗ ಮೊದಲು ಕೇಳುವುದು ಒಂದೇ: ನಿಮ್ಮ ಮನೆ ರೂಟರ್‌ನ ಐಪಿ ಏನು? ಅದೂ 192.168.1.1 ಆಗಿದ್ದರೆ ಕಾರಣ ಸಿಕ್ಕ ಹಾಗೆಯೇ. ಮನೆಯಲ್ಲೂ ಆಫೀಸಿನಲ್ಲೂ ಒಂದೇ ರೇಂಜ್ (ಇಲ್ಲಿ 192.168.1ರಿಂದ ಶುರುವಾಗುವ ಐಪಿಗಳು) ಇದ್ದಾಗ ಲ್ಯಾಪ್‌ಟಾಪ್ ಆ ಸರ್ವರನ್ನು ಮನೆಯ ವೈಫೈನಲ್ಲೇ ಹುಡುಕುತ್ತದೆ.

ಖಚಿತ ಮಾಡಿಕೊಳ್ಳಲು ವಿಪಿಎನ್ ಹಾಕಿ ಸರ್ವರಿಗೆ ಪಿಂಗ್ (ಅದು ಉತ್ತರಿಸುತ್ತದೆಯಾ ಅಂತ ನೋಡುವ ಕಮಾಂಡ್) ಕೊಡಿ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಬಂದರೆ ಉತ್ತರ ಕೊಟ್ಟ ಐಪಿ ಯಾವುದು ನೋಡಿ. ಅದು ನಿಮ್ಮ ಲ್ಯಾಪ್‌ಟಾಪಿನ ವೈಫೈ ಐಪಿಯೇ ಆಗಿದ್ದರೆ ಪ್ಯಾಕೆಟ್ ಮನೆ ಬಿಟ್ಟು ಹೊರಗೇ ಹೋಗಿಲ್ಲ. ಆಮೇಲೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಪ್ರಯತ್ನಿಸಿ. ಅಲ್ಲಿ ಸರ್ವರ್ ತೆರೆದರೆ ಅನುಮಾನವೇ ಬೇಡ.

ಪರಿಹಾರ ಸುಲಭ. ಮನೆ ರೂಟರ್‌ನ ಲ್ಯಾನ್ ಸೆಟ್ಟಿಂಗ್‌ನಲ್ಲಿ ಐಪಿಯನ್ನು 192.168.87.1 ಮಾಡಿ. ಡಿಎಚ್‌ಸಿಪಿ ರೇಂಜ್ (ರೂಟರ್ ತಾನಾಗಿ ಹಂಚುವ ಐಪಿಗಳು) ಕೂಡ ಅದಕ್ಕೆ ತಕ್ಕಂತೆ ಬದಲಾಗಿದೆಯಾ ನೋಡಿ. ಪ್ರಿಂಟರ್‌ಗೋ ಸಿಸಿ ಕ್ಯಾಮೆರಾಗೋ ಸ್ಥಿರ ಐಪಿ ಕೊಟ್ಟಿದ್ದರೆ ಅವನ್ನೂ ಬದಲಿಸಬೇಕು.

ಬಾಡಿಗೆ ಮನೆ, ರೂಟರ್ ಪಾಸ್‌ವರ್ಡ್ ಮಾಲೀಕರ ಹತ್ತಿರ ಇದೆ ಅನ್ನುತ್ತೀರಾ? ಆಗ ವಿಪಿಎನ್ ಕಾನ್ಫಿಗ್ ಫೈಲಿನಲ್ಲಿ ಆ ಒಂದು ಸರ್ವರಿಗೆ ಮಾತ್ರ, 255.255.255.255 ಮಾಸ್ಕ್ (ಒಂದೇ ಒಂದು ಐಪಿ ಅಂತ ಹೇಳುವ ಸಂಖ್ಯೆ) ಕೊಟ್ಟು, ಒಂದು ರೂಟ್ ಸಾಲು ಸೇರಿಸಿ. ಎರಡು ರೂಟ್ ಹೊಂದಿದಾಗ ವಿಂಡೋಸ್ ಹೆಚ್ಚು ನಿಖರವಾದದ್ದನ್ನೇ ಆರಿಸುತ್ತದೆ, ಹಾಗಾಗಿ ಇದು ಕೆಲಸ ಮಾಡುತ್ತದೆ. ಆದರೆ ಇದು ತಾತ್ಕಾಲಿಕ.

ಇನ್ನು 5010. ಸೇರಿಸಲು ಹೊರಟ ರೂಟ್ ಆಗಲೇ ಟೇಬಲ್‌ನಲ್ಲಿದೆ ಅಂತ ಅದರ ಅರ್ಥ. ಇನ್ನೊಂದು ವಿಪಿಎನ್ ಚಾಲೂ ಇದ್ದರೆ, ಅಥವಾ ಹಳೆಯ ಕನೆಕ್ಷನ್ ಸರಿಯಾಗಿ ಮುಚ್ಚದಿದ್ದರೆ ಹೀಗಾಗುತ್ತದೆ. ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ‘ರೂಟ್ ಪ್ರಿಂಟ್’ ಕಮಾಂಡ್ ಕೊಟ್ಟು ‘ಪರ್ಸಿಸ್ಟೆಂಟ್ ರೂಟ್ಸ್’ ಭಾಗ ನೋಡಿ. ಹಿಂದೆ ಯಾರೋ ಕೈಯಿಂದ ಹಾಕಿದ ರೂಟ್ ಅಲ್ಲಿರಬಹುದು, ಅದು ರೀಸ್ಟಾರ್ಟ್‌ಗೂ ಅಳಿಯುವುದಿಲ್ಲ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿಲೀಟ್ ಮಾಡಿ.

ಆಫೀಸಿನವರಿಗೂ ಒಂದು ಮಾತು ಹೇಳಿ. 192.168.0 ಮತ್ತು 192.168.1 ಬಹಳಷ್ಟು ಮನೆ ರೂಟರ್‌ಗಳಲ್ಲಿ ಮೊದಲೇ ಬಂದಿರುತ್ತವೆ. ನಾಳೆ ಕೊಪ್ಪಳದಿಂದಲೋ ಸಿಂಧನೂರಿನಿಂದಲೋ ಕೆಲಸ ಮಾಡುವವರಿಗೂ ಇದೇ ಕಾಟ, ಅಲ್ವಾ? ಆಫೀಸ್ ನೆಟ್‌ವರ್ಕನ್ನು 10.47.20.0 ತರಹದ ರೇಂಜಿಗೆ ಒಂದು ಭಾನುವಾರ ಬದಲಿಸಿಬಿಡಲಿ.

ಇಷ್ಟೆಲ್ಲ ಆದ ಮೇಲೆ ಪಿಂಗ್‌ಗೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬರತೊಡಗಿದರೆ ಸರ್ವರ್‌ನ ಫೈರ್‌ವಾಲ್ ನೋಡಲು ಹೇಳಿ. ವಿಂಡೋಸ್ ಫೈರ್‌ವಾಲ್‌ನ ಫೈಲ್ ಶೇರಿಂಗ್ ನಿಯಮಗಳು (ಪಿಂಗ್‌ನದೂ ಇವುಗಳಲ್ಲೇ ಇದೆ) ಪ್ರೈವೇಟ್ ಪ್ರೊಫೈಲ್‌ನಲ್ಲಿ ಲೋಕಲ್ ಸಬ್‌ನೆಟ್‌ಗೆ, ಅಂದರೆ ಅದೇ ರೇಂಜಿನ ಕಂಪ್ಯೂಟರ್‌ಗಳಿಗೆ ಮಾತ್ರ ಬಿಡುತ್ತವೆ. ನಿಮ್ಮ ವಿಪಿಎನ್ ರೇಂಜನ್ನು ಅಲ್ಲಿ ಸೇರಿಸಬೇಕಾಗುತ್ತದೆ.