ಮುಕ್ತ ವ್ಯಾಪಾರ ಒಪ್ಪಂದಗಳಿಂದ ದೇಶದ ಅಭಿವೃದ್ಧಿಗೆ, ಪರಿಸರಕ್ಕೆ ಲಾಭವೋ ನಷ್ಟವೋ?

ಸುಂಕ ಎಷ್ಟು ಇಳಿಯಿತು ಅನ್ನುವುದನ್ನೇ ಎಲ್ಲರೂ ನೋಡುತ್ತಾರೆ. ನಾನಾದರೆ ಮೊದಲು ಮೂಲದ ನಿಯಮ ನೋಡುತ್ತೇನೆ, ಅಂದರೆ ಸರಕು ನಿಜಕ್ಕೂ ಆ ದೇಶದ್ದೇ ಎಂದು ತೀರ್ಮಾನಿಸುವ ಷರತ್ತು. 2000ದ ಮಾರ್ಚ್‌ನಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದವನ್ನೇ ತಗೊಳ್ಳಿ.

ಶ್ರೀಲಂಕಾದ ಕಾಳುಮೆಣಸು ವರ್ಷಕ್ಕೆ 2,500 ಟನ್‌ವರೆಗೆ ಸುಂಕವಿಲ್ಲದೆ ಬರಬಹುದು. ಅದನ್ನು ಮೀರಿದ್ದಕ್ಕೆ ಸಾಫ್ಟಾ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಅಡಿ ಶೇ 8. ವಿಯೆಟ್ನಾಂನಿಂದ ನೇರ ತರಿಸಿದರೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದ ರಿಯಾಯಿತಿ ಕಳೆದೂ ಶೇ 50ರ ಆಸುಪಾಸು. ಲೆಕ್ಕಕ್ಕೆ ಕೆಜಿಗೆ 200 ರೂಪಾಯಿ ಹಿಡಿಯಿರಿ: ನೇರ ಬಂದರೆ ಸುಂಕ 100, ಕೊಲಂಬೊ ಸುತ್ತಿ ಬಂದರೆ 16. 14 ಟನ್‌ನ ಕಂಟೇನರ್‌ಗೆ ಹತ್ತಿರತ್ತಿರ 12 ಲಕ್ಷ ಉಳಿಯಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಪ್ರಮಾಣಪತ್ರದಲ್ಲಿ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಗಲಾಟೆ ಎಬ್ಬಿಸಿದ್ದು ಇದಕ್ಕೇ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಆದರೆ ನಿಜದ ಬೆಲೆ ಕಡಿಮೆ ಇದ್ದರೂ ಬಿಲ್ಲಿನಲ್ಲಿ 500 ಎಂದು ಬರೆಸಿಬಿಟ್ಟರೆ? ಶೇ 8ಕ್ಕೆ ಸುಂಕ 40, ಶೇ 50ಕ್ಕೆ 250. ಸುತ್ತುದಾರಿಯ ಆಸೆ ಇನ್ನೂ ಹೆಚ್ಚಿತು! ಹಾಗಂತ ನಮ್ಮ ಮೆಣಸಿನ ಬೆಲೆ ಕುಸಿತವನ್ನೆಲ್ಲ ಒಪ್ಪಂದದ ತಲೆಗೆ ಕಟ್ಟಬೇಡಿ. ವಿಯೆಟ್ನಾಂನ ಅತಿಯಾದ ಬೆಳೆ ಜಗತ್ತಿನ ದರವನ್ನೇ ಕೆಡವಿತ್ತು.

ಪರಿಸರದ ಪೆಟ್ಟು ನಿಧಾನಕ್ಕೆ ಕಾಣುತ್ತದೆ. ನಮ್ಮಲ್ಲಿ ಮೆಣಸಿನ ಬಳ್ಳಿ ಹಬ್ಬುವುದು ಕಾಫಿ ತೋಟದ ನೆರಳುಮರಕ್ಕೆ. ದರ ಬಿದ್ದಾಗ ಮೊದಲು ತಪ್ಪುವುದು ಮಳೆಗಾಲಕ್ಕೆ ಮುಂಚಿನ ಬೋರ್ಡೋ ಸಿಂಪಡಣೆ (ರೋಗ ತಡೆಯುವ ಮೈಲುತುತ್ತು, ಸುಣ್ಣದ ದ್ರಾವಣ). ಸೊರಗು ರೋಗ ಬಂದು ಬಳ್ಳಿ ಸತ್ತರೆ ಹೊಸದು ಫಸಲಿಗೆ ಬರಲು ಮೂರ್ನಾಲ್ಕು ವರ್ಷ. ಬಳ್ಳಿ ಹೋದ ಮರಕ್ಕೆ ಟಿಂಬರ್ ದರವೊಂದೇ ಉಳಿಯುತ್ತದೆ. ದರ ಏರಿದಾಗಲೂ ಕಾಡುಮರಕ್ಕೆ ಕ್ಷೇಮವಿಲ್ಲ ಅನ್ನಿ, ಆಗ ಅದನ್ನು ಕಡಿದು ಸಿಲ್ವರ್ ಓಕ್ ನೆಡುತ್ತಾರೆ.

ಶ್ರೀಲಂಕಾಕ್ಕಾದರೂ ಲಾಭವಾಯಿತೇ? ಭಾರತದಲ್ಲಿ ತಾಳೆ ಎಣ್ಣೆಗೆ ಸುಂಕ ಹೆಚ್ಚು, ಅಲ್ಲಿ ಕಡಿಮೆ ಇದ್ದದ್ದರಿಂದ ವನಸ್ಪತಿ (ಡಾಲ್ಡಾ ಥರದ ಗಟ್ಟಿ ಎಣ್ಣೆ) ಕಾರ್ಖಾನೆಗಳು ಅಲ್ಲಿ ಎದ್ದವು. ಎಣ್ಣೆ ಆಮದು, ಮಾರುಕಟ್ಟೆ ಭಾರತ. 2006ರಲ್ಲಿ ಭಾರತ ವರ್ಷಕ್ಕೆ 2.5 ಲಕ್ಷ ಟನ್ ಮಿತಿ ಹಾಕಿದ ಮೇಲೆ ಆ ಉದ್ಯಮ ಕುಸಿಯಿತು. ಸುಂಕದ ಅಂತರ ನಂಬಿ ಬಂದ ಬಂಡವಾಳವನ್ನು ಅಭಿವೃದ್ಧಿ ಎಂದು ನಾನು ಲೆಕ್ಕ ಹಾಕುವುದಿಲ್ಲ.

2020ರ ಸೆಪ್ಟೆಂಬರ್ 21ರಿಂದ ಕಾರೋಟಾರ್ ನಿಯಮಗಳು (ಒಪ್ಪಂದದ ರಿಯಾಯಿತಿ ಕೇಳುವ ಸರಕಿನ ಮೂಲ ಪರಿಶೀಲಿಸುವ ಭಾರತದ ಕಸ್ಟಮ್ಸ್ ನಿಯಮಗಳು) ಜಾರಿಯಲ್ಲಿವೆ. ಈಗ ಪ್ರಮಾಣಪತ್ರವೊಂದೇ ಸಾಲದು. ಮೂಲದ ವಿವರ ಆಮದುದಾರನ ಕೈಯಲ್ಲೇ ಇರಬೇಕು, ಐದು ವರ್ಷ ಕಾಪಿಡಬೇಕು. ಯಾವುದೇ ಹೊಸ ಒಪ್ಪಂದ ಬಂದಾಗ ನಿಮ್ಮ ಸರಕಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನಲ್ಲಿ ಸರಕನ್ನು ಗುರುತಿಸುವ ಸಂಖ್ಯೆ, ಹಿಡಿದು (ಮೆಣಸಿಗೆ 0904) ಮೂರು ಹುಡುಕಿ: ಮೂಲದ ನಿಯಮ, ಕೋಟಾ, ಅದೇ ಸರಕಿಗೆ ಪಕ್ಕದ ಒಪ್ಪಂದದಲ್ಲಿರುವ ಸುಂಕ. ಮೂರನೆಯದನ್ನು ನೋಡುವವರು ಕಡಿಮೆ.